ಮೂರನೆಯ ಪೇಟ

ಯುಗಾದಿ ಕಾರ್ಯಕ್ರಮದ ವೇದಿಕೆಯಲ್ಲಿ ಕನ್ನಡ ಸಂಘದ ಅಧ್ಯಕ್ಷ ಜಯಸಿಂಹ ಸನ್ಮಾನಕ್ಕೆಂದು ಮೈಸೂರು ಪೇಟ ಎತ್ತಿ ಹಿಡಿದ. ರೊಡೆಲ್ ತಲೆ ಬಗ್ಗಿಸಲಿಲ್ಲ. ಫಿಲಿಪೀನ್ಸ್‌ನಿಂದ ಅಮೆರಿಕಕ್ಕೆ ನರ್ಸ್ ಆಗಿ ಬಂದು ರಾಜಕೀಯಕ್ಕಿಳಿದಿದ್ದ ಅವನು ವುಡ್‌ರಿಡ್ಜ್ ಊರಿನ ಆಡಳಿತ ಮಂಡಳಿಯ ಟ್ರಸ್ಟಿ ಚುನಾವಣೆಯಲ್ಲಿ ಮೊನ್ನೆ ಮಂಗಳವಾರ ಮೂರನೇ ಸಲ ಸೋತಿದ್ದ, ಅದೂ ಹನ್ನೊಂದು ಓಟಿನಿಂದ. ಸೋತಾಗಲೆಲ್ಲ ಸಂಘದವರು ಕರೆದು ಪೇಟ ತೊಡಿಸಿದ್ದರು. ಮನೆಯಲ್ಲಿ ಆಗಲೇ ಎರಡಿದ್ದವು.

ಅವನು ಮೈಕ್ ಹಿಡಿದು ಇಂಗ್ಲಿಷಿನಲ್ಲಿ ಕೇಳಿದ: “ಇಲ್ಲಿ ಸಿಟಿಜನ್ ಆಗಿರುವವರಲ್ಲಿ ಮಂಗಳವಾರ ಯಾರು ಓಟು ಹಾಕಿದಿರಿ? ಕೈ ಎತ್ತಿ.”

ಚಪ್ಪಾಳೆ ನಿಂತಿತು. ಮುನ್ನೂರು ಜನರ ನಡುವೆ ನಾಲ್ಕು ಕೈ ಮೇಲೆದ್ದವು. “ಅವತ್ತು ಡ್ಯಾನ್ಸ್ ರಿಹರ್ಸಲ್ ಇತ್ತಲ್ವಾ,” ಎಂದು ನಿರೂಪಕಿ ಇಂದುಮತಿ ಗೊಣಗಿದಳು.

ಜಯಸಿಂಹನ ಎರಡೂ ಕೈಗಳಲ್ಲಿ ಪೇಟವಿತ್ತು. ರೊಡೆಲ್ ಅದನ್ನು ಮೆಲ್ಲಗೆ ತೆಗೆದುಕೊಂಡು ಅವನನ್ನೇ ನೋಡುತ್ತ ಕಾದ. ಖಾಲಿಯಾದ ಕೈಗಳನ್ನು ಜಯಸಿಂಹ ಬೆನ್ನ ಹಿಂದೆ ಕಟ್ಟಿಕೊಂಡ.