ಅಪ್ಪನ ಅಂಗಡಿಯ ಬೆಟ್ಟ

ರಜೆಗೆ ಬಂದ ಮಗಳು ಅಪ್ಪನ ಟೈಲರ್ ಅಂಗಡಿಯ ಬಾಗಿಲಲ್ಲೇ ನಿಂತುಬಿಟ್ಟಳು. ಅವಳು ಕಳಿಸಿದ್ದ ಕ್ಷುದ್ರಗ್ರಹದ ಚಿತ್ರಕ್ಕೆ ಅಪ್ಪ ಚೌಕಟ್ಟು ಹಾಕಿಸಿ, ಕನ್ನಡಿಯ ಪಕ್ಕದಲ್ಲೇ ತೂಗುಹಾಕಿದ್ದ. ಅದೂ ತಲೆಕೆಳಗಾಗಿ!

ಗಗನನೌಕೆ ಕಳಿಸಿದ ಚೂರುಪಾರು ಚಿತ್ರಗಳನ್ನು ಒಂದಕ್ಕೊಂದು ಜೋಡಿಸಿ ಅವಳೇ ಮಾಡಿದ್ದ ಚಿತ್ರ ಅದು. ಯಾವ ಕಾಲದಲ್ಲೋ ಒಂದು ಬಂಡೆ ಬಂದು ಅಪ್ಪಳಿಸಿ, ಆ ಪುಟ್ಟ ಲೋಕದ ಅರ್ಧ ಮೈಯನ್ನೇ ಗುಂಡಿ ಮಾಡಿತ್ತು. ತಿರುಗಿಸಿ ಹಾಕಿದ್ದರಿಂದ ನೆರಳು ಬೆಳಕು ಅದಲುಬದಲಾಗಿ, ಗುಂಡಿಯೇ ಉಬ್ಬಿ ಬೆಟ್ಟದಂತೆ ಕಾಣುತ್ತಿತ್ತು.

"ನನ್ನ ಮಗಳು ತೋರಿಸಿಕೊಟ್ಟ ಬೆಟ್ಟ ಸ್ವಾಮಿ," ಎನ್ನುತ್ತಾ ಅಪ್ಪ ಗಿರಾಕಿಯ ಎದೆಗೆ ಟೇಪು ಸುತ್ತುತ್ತಿದ್ದ. "ತುದೀಲಿ ಬಾಯಿ ಬಿಟ್ಕೊಂಡಿದೆ ನೋಡಿ, ಅಗ್ನಿಪರ್ವತ!"

"ಅಬ್ಬಬ್ಬಾ!" ಎಂದು ಗಿರಾಕಿ ಕಣ್ಣರಳಿಸಿ, ಅಳತೆ ಕೊಟ್ಟು ಹೋದ.

ಮಗಳು ಅಪ್ಪನನ್ನೇ ನೋಡಿದಳು. 'ನಿನ್ನ ಓದು ಬೆಟ್ಟ ಅಗೆದು ಇಲಿ ಹಿಡಿದ ಹಾಗೆ' ಎಂದು ಕಾಲೇಜಿನುದ್ದಕ್ಕೂ ಹಂಗಿಸಿದ ಅಪ್ಪ ಇವನೇ. ಅವನ ಬಾಯಲ್ಲಿ 'ನನ್ನ ಮಗಳು' ಎಂಬ ಮಾತು ಇಷ್ಟು ಹಿಗ್ಗಿನಿಂದ ಬಂದದ್ದು ಇದೇ ಮೊದಲು. ಗುಂಡಿ ಎಂದರೆ ಆ ಮುಖ ಏನಾಗುತ್ತದೋ!

ಮೂಲೆಯಲ್ಲಿ ಅಂಗಿಗೆ ಗುಂಡಿ ಹೊಲಿಯುತ್ತಿದ್ದ ಅಮ್ಮನ ಕಿವಿಯಲ್ಲಿ ವಿಷಯ ಉಸುರಿದಳು. ಅಮ್ಮ ಸೂಜಿ ನಿಲ್ಲಿಸಿದಳು. "ಶ್! ಬೆಟ್ಟ ಅಂತಲೇ ಇರಲಿ ಬಿಡೇ. ಯಾರಪ್ಪನ ಗಂಟೇನು ಹೋಗುತ್ತೆ?"

ಆದರೆ ಇಲ್ಲದ ಬೆಟ್ಟಕ್ಕೆ ಹೊಗಳಿಸಿಕೊಳ್ಳಲು ಅವಳ ಮನಸ್ಸು ಒಪ್ಪಲಿಲ್ಲ. "ಅಪ್ಪಾ, ಚಿತ್ರ ತಲೆಕೆಳಗಾಗಿದೆ. ಅದು ಬೆಟ್ಟ ಅಲ್ಲ, ಗುಂಡಿ."

ಅಪ್ಪ ಸ್ಟೂಲು ಹತ್ತಿ, ಚಿತ್ರ ಇಳಿಸಿ, ತಿರುಗಿಸಿ ಹಾಕಿದ. ಹಿಂದೆ ಸರಿದು ನೋಡಿದರೆ ಬೆಟ್ಟ ಮಂಗಮಾಯ! ದೊಡ್ಡ ಗುಂಡಿ, ಅದರ ನಡುವೆ ಒಂದು ಸಣ್ಣ ದಿಬ್ಬ. ಅವನ ಮುಖವೂ ಸಪ್ಪಗಾಯಿತು. ಹೇಳಬಾರದಿತ್ತು ಎಂದು ಮಗಳಿಗೆ ಅನ್ನಿಸಿತು.

"ನಡುವೆ ಅದೇನು ಪುಟ್ಟದಾಗಿ?" ಎಂದ ಅಪ್ಪ, ದಿಬ್ಬದತ್ತ ಬೆರಳು ತೋರಿಸಿ.

"ಏಟು ಬಿದ್ದ ರಭಸಕ್ಕೆ ನೆಲ ತಿರುಗಿ ಎದ್ದು ನಿಂತಿದ್ದು ಅಪ್ಪಾ. ನೋಡೋಕಷ್ಟೇ ಪುಟ್ಟದು. ನಮ್ಮ ಭೂಮಿಯ ಅತಿ ಎತ್ತರದ ಶಿಖರದ ಎರಡರಷ್ಟಿದೆ."

"ಇದಾ?" ಅಪ್ಪ ಹತ್ತಿರ ಹೋಗಿ, ದಿಬ್ಬದ ಮೇಲೆ ಹೆಬ್ಬೆರಳಿಟ್ಟು ನೋಡಿದ. ಪೂರ್ತಿ ಮುಚ್ಚಿಹೋಯಿತು.

ಅಮ್ಮನಿಗೆ ತಡೆಯಲಾಗಲಿಲ್ಲ. "ರೀ, ಇಷ್ಟು ದಿನ ಬಂದವರಿಗೆಲ್ಲ ಬೆಟ್ಟ ಬೆಟ್ಟ ಅಂತ ಡಂಗುರ ಸಾರಿದ್ರಲ್ಲ, ನಾಳೆ ಏನು ಹೇಳ್ತೀರಿ?"

ಅಪ್ಪ ಟೇಪನ್ನು ಕೊರಳಿಗೆ ಹಾಕಿಕೊಂಡ.

"ಹೇಳೋದೇನು? ಬೆಟ್ಟ ಇತ್ತು, ನನ್ನ ಮಗಳು ಬಂದು ಅಗೆದಳು. ಇಲಿ ಎಷ್ಟೆತ್ತರ ಇದೆ ನೋಡಿ, ಅಂತೀನಿ."