ಊರು ನುಂಗುವ ಆಟ

“ಈ ತೂತು ನಾ ಹೊಡಿಯಂಗಿಲ್ರಿ ಮಾಸ್ತರ್,” ಎಂದು ಬಡಿಗ ಮಾಣಿಕ ಬೈರಿಗೆಯನ್ನು ಕೆಳಗಿಟ್ಟುಬಿಟ್ಟ.

ಕಾಶೀರಾಮ ಮಾಸ್ತರರು ಹಲಗೆಯ ಮೇಲೆ ಬಗ್ಗಿ ನೋಡಿದರು. ಪೆನ್ಸಿಲಿನ ಗುರುತಿನ ಪಕ್ಕದಲ್ಲಿ ಅವರದೇ ದುಂಡನೆಯ ಅಕ್ಷರದಲ್ಲಿ ‘ಮನ್ನಳ್ಳಿ’ ಎಂದು ಬರೆದಿತ್ತು.

“ಯಾಕೋ, ಏನಾಯ್ತು?”

“ನೌಬಾದಿನ ಗೂಟ ಮನ್ನಳ್ಳಿ ಮ್ಯಾಲಿಂದ ಜಿಗೀತದ. ಜಿಗಿದ ಮ್ಯಾಲ ಮನ್ನಳ್ಳಿ ಕಿತ್ತು ಹೊರಗ ಇಡ್ತೀರಿ. ಹೌದಿಲ್ರಿ? ನನ್ನ ಮಗಳಿಗಿ ಅದೇ ಊರಿಗಿ ಕೊಟ್ಟೀನಿ.”

ಭಾಲ್ಕಿಯ ಶಾಲೆಯಲ್ಲಿ ಕಾಶೀರಾಮ ಚಿತ್ರಕಲೆಯ ಮಾಸ್ತರರು. ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಇನ್ನೂ ತಿಂಗಳು ತುಂಬಿರಲಿಲ್ಲ. ಹೊಸ ರಾಜ್ಯಕ್ಕೆ ಚಿತ್ರ ಬರೆಸುವವರು ಬೇಕಿಲ್ಲವಂತೆ ಎಂಬ ಗಾಳಿಸುದ್ದಿ ಅವರ ನಿದ್ದೆ ಕೆಡಿಸಿತ್ತು. ಅಷ್ಟರಲ್ಲಿ ಮೈಸೂರು ಕಡೆಯ ಸಾಹೇಬರೊಬ್ಬರು ಶಾಲೆ ನೋಡಲು ಬರುತ್ತಾರೆಂದು ತಿಳಿಯಿತು. ಅವರೆದುರು ಏನಾದರೂ ಮಾಡಿ ತೋರಿಸಲೇಬೇಕು! ಹಿಂದೆ ಹೈದರಾಬಾದಿನಲ್ಲಿ ಮಾಸ್ತರರು ಒಬ್ಬರೇ ಆಡುವ ಒಂದು ಹಲಗೆಯಾಟ ನೋಡಿದ್ದರು. ತೂತುಗಳಲ್ಲಿ ಗೂಟ ನೆಟ್ಟು ಒಂದೇ ತೂತನ್ನು ಖಾಲಿ ಬಿಡುವುದು. ಒಂದು ಗೂಟ ಪಕ್ಕದ ಗೂಟವನ್ನು ಹಾರಿ ಖಾಲಿ ತೂತಿಗೆ ಬಿದ್ದರೆ, ಯಾವುದರ ಮೇಲಿಂದ ಹಾರಿತೋ ಅದು ಹೊರಕ್ಕೆ. ಕೊನೆಗೆ ಒಂದೇ ಉಳಿದರೆ ಗೆದ್ದಂತೆ. ಅದನ್ನೇ ಬೀದರ ಜಿಲ್ಲೆಯ ನಕ್ಷೆಯ ಆಕಾರಕ್ಕೆ ತಂದು, ತೂತಿಗೊಂದು ಊರಿನ ಹೆಸರಿಟ್ಟಿದ್ದರು.

“ಇದು ಆಟ ಅದನೋ ಮಾರಾಯ.”

“ನಮ್ಮ ಜಿಲ್ಲಾದಿಂದ ಉದಗೀರ ಹೋದಾಗೂ ಬರೇ ಕಾಗದದ ಮ್ಯಾಲ ಗೆರಿ ಅಂದಿದ್ರಿ. ಈಗ ನಮ್ಮ ಮಾವನ ಮನಿ ಮುಂಬೈ ರಾಜ್ಯದಾಗ ಅದ. ಗ್ವಾಡಿ ಅಲ್ಲೇ ಅದ, ಎಮ್ಮಿ ಅಲ್ಲೇ ಅದ, ಮನಿ ಮಾತ್ರ ಮುಂಬೈದಾಗ ಅದ.”

ಮಾಸ್ತರರು ಹಲಗೆ ಹೊತ್ತು ಮನೆಗೆ ಬಂದರೆ ಹೆಂಡತಿ ಕೇಶರಬಾಯಿ ರೊಟ್ಟಿ ಬಡಿಯುತ್ತಲೇ ಕೇಳಿದಳು: “ನನ್ನ ತವರುಮನಿ ಹಲಬರ್ಗಾ ಎಷ್ಟನೇ ಸಲಕ್ಕ ಹೊರಗ ಬೀಳ್ತದರಿ?” ಮಾಸ್ತರರು ಬಾಯಿ ತಪ್ಪಿ “ಎರಡನೇ ಸಲಕ್ಕ” ಅಂದುಬಿಟ್ಟರು. ಆಮೇಲೆ ಆ ಮನೆಯಲ್ಲಿ ರೊಟ್ಟಿಯ ಸಪ್ಪಳವೊಂದೇ ಕೇಳಿತು.

ಮರುದಿನ ಔರಾದ ಕಡೆಯ ಕುರಿಗಾರ ಧೊಂಡಿಬಾ ಒಂದು ಕೊಬ್ಬಿದ ಟಗರನ್ನು ಎಳೆದುಕೊಂಡು ಬಂದು ಮಾಸ್ತರರ ಅಂಗಳದಲ್ಲಿ ಕಟ್ಟಿದ.

“ನಮ್ಮ ಔರಾದ ಮೂಲ್ಯಾಗ ಹಾಕ್ರಿ ಮಾಸ್ತರ್. ಮೂಲ್ಯಾಗ ಇದ್ದವ್ರಿಗಿ ಯಾರೂ ಹಾರಂಗಿಲ್ಲಂತ, ಮಾಣಿಕ ಹೇಳ್ಯಾನ.”

“ಟಗರು ಒಯ್ಯೋ ಮೊದಲ!”

“ಒಯ್ತೀನ್ರಿ. ಮೂಲಿ ಕೊಡ್ರಿ.”

ಸಂತೆಯ ದಿನವಂತೂ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಮಠಾಣದವರಿಗೆ ಮೂಲೆ ಬೇಕು, ಚಿಟಗುಪ್ಪದವರಿಗೂ ಬೇಕು. ಒಂದು ಹಲಗೆಗೆ ಎಷ್ಟು ಮೂಲೆ ಇದ್ದಾವು? ಮಾಸ್ತರರು ತಲೆ ಕೆರೆದುಕೊಂಡು, ಅಳಿಸಿ, ಬರೆದು, ಕೊನೆಗೆ ಬಂಡಿಯ ಗಾಲಿಯಂಥ ಹೊಸ ಹಲಗೆ ಬರೆದರು. ನಡುವೆ ಬೀದರ, ಖಾಲಿ ತೂತು. ಅಲ್ಲಿಂದ ಸುತ್ತಲೂ ಹೊರಟ ಒಂದೊಂದು ಕಡ್ಡಿಯ ತುದಿಗೆ ಒಂದೊಂದೇ ಊರು. ಎಲ್ಲರೂ ಮೂಲೆಯವರೇ. ಮಾಣಿಕ ಖುಷಿಯಿಂದ ತೂತು ಹೊಡೆದುಕೊಟ್ಟ, ಕೂಲಿಯನ್ನೂ ಕೇಳಲಿಲ್ಲ. ಈ ಹಲಗೆಯಲ್ಲಿ ಯಾವ ಗೂಟವೂ ಯಾವ ಗೂಟವನ್ನೂ ಹಾರಲಾರದು ಎಂಬುದು ಮಾಸ್ತರರಿಗೆ ಗೊತ್ತಾದಾಗ ಸಾಹೇಬರ ಜೀಪು ಶಾಲೆಯ ಮುಂದೆ ನಿಂತಿತ್ತು.

ಸಾಹೇಬರು ಆಟದ ನಿಯಮ ಕೇಳಿ ತಿಳಿದು, ಕೋಟು ಬಿಚ್ಚಿಟ್ಟು ಕುಳಿತರು. ಬೆರಳು ಔರಾದದ ಮೇಲೆ ಹೋಯಿತು. ಧೊಂಡಿಬಾ ಕೈಯಲ್ಲಿನ ಕೋಲನ್ನು ಬಿಗಿಯಾಗಿ ಹಿಡಿದ. ಬೆರಳು ಮನ್ನಳ್ಳಿಗೆ ಬಂತು. ಮಾಣಿಕ ಕಣ್ಣು ಮುಚ್ಚಿದ. ಕೋಣೆ, ಕಿಟಕಿ, ಬಾಗಿಲು ಎಲ್ಲ ಕಡೆ ಜನ ಕಿಕ್ಕಿರಿದಿದ್ದರು. ಬೆರಳು ಒಂದು ಊರಿನ ಮೇಲೆ ತಡೆದಾಗಲೆಲ್ಲ ಆ ಊರಿನವರು ದೇವರ ಹೆಸರು ಹೇಳುತ್ತಿದ್ದರು. ಹೊರಗೆ ಸಾಹೇಬರಿಗೆಂದು ಮಾಡಿದ ಅಡುಗೆ ಆರಿತು. ಮಾಸ್ತರರ ಅಂಗಿ ಬೆನ್ನಿಗೆ ಅಂಟಿತು. ನೌಕರಿ ಇಂದಿಗೆ ಮುಗಿಯಿತೆಂದೇ ಅವರು ಗೋಡೆಗೆ ಒರಗಿದರು.

ಸಾಹೇಬರು ತಟ್ಟನೆ ತೊಡೆ ತಟ್ಟಿಕೊಂಡು ನಕ್ಕರು. “ಅಲ್ಲ ಮೇಷ್ಟ್ರೇ, ಇದರಲ್ಲಿ ಒಂದು ಗೂಟವೂ ಅಲ್ಲಾಡೋದಿಲ್ವಲ್ಲ!”

“ಇಲ್ರಿ ಸಾಹೇಬರ,” ಎಂದರು ಮಾಸ್ತರರು. “ಯಾರಿಗೂ ಹೋಗೋ ಮನಸಿಲ್ರಿ.”

“ಭಲೇ! ಎಲ್ಲರನ್ನೂ ಅವರವರ ಜಾಗದಲ್ಲೇ ಇಟ್ಟಿದ್ದೀರಿ. ಹೆಡ್‌ಮಾಸ್ಟರೇ, ಇವರು ಇಲ್ಲೇ ಇರಲಿ. ಇಂಥವರು ಬೇಕು ನಮಗೆ.”

ಜನ ಚಪ್ಪಾಳೆ ತಟ್ಟಿದರು. ಮಾಸ್ತರರ ಕಣ್ಣಲ್ಲಿ ನೀರಾಡಿತು. ಆದರೆ ಸಾಹೇಬರ ಕಣ್ಣು ಇನ್ನೂ ಹಲಗೆಯ ಮೇಲೇ ಇತ್ತು.

“ಒಂದು ಮಾತು,” ಎಂದರು ಅವರು. “ಯಾವುದಾದರೂ ಒಂದು ಊರಿನ ಬೆನ್ನಿಗೆ ಇನ್ನೊಂದು ತೂತು ಮಾಡಿ ಗೂಟ ನೆಟ್ಟರೆ, ಅದು ಆ ಊರನ್ನ ಹಾರಿ ಸೀದಾ ಬೀದರಕ್ಕೆ ಬರುತ್ತೆ. ಆಟ ಶುರುವಾಗುತ್ತೆ. ಹೊರಗೆ ಹೋಗೋದು ಒಂದೇ ಊರು, ಅಷ್ಟೆ. ಯಾವುದು ಅಂತ ನೀವೇ ಹೇಳಿ.”

ಚಪ್ಪಾಳೆ ನಿಂತಿತು. ಮೊದಲು ಧೊಂಡಿಬಾನ ಕೋಲು ಎದ್ದಿತು, ಮನ್ನಳ್ಳಿಯ ಕಡೆಗೆ. ಮಾಣಿಕನ ಕೈ ಕಮಠಾಣದ ಕಡೆಗೆ, ಕಮಠಾಣದವರದು ಚಿಟಗುಪ್ಪದ ಕಡೆಗೆ. ಕಿಟಕಿಯ ಸರಳುಗಳ ನಡುವಿನಿಂದಲೂ ಬೆರಳುಗಳು ತೂರಿಬಂದವು. ಇದೇನು ಜನವಪ್ಪಾ ಎಂದುಕೊಳ್ಳುತ್ತ ಕಾಶೀರಾಮ ಮಾಸ್ತರರು ಕಣ್ಣೊರೆಸಿಕೊಳ್ಳಲು ಹೋದರು. ಬಲಗೈ ಸಿಗಲಿಲ್ಲ. ಅದು ಆಗಲೇ ಮೇಲೆದ್ದು, ಬೆರಳು ಚಾಚಿ, ಔರಾದವನ್ನು ತೋರಿಸುತ್ತಿತ್ತು.