ತಿಜೋರಿ ಕೋಣೆಯ ಮುಂದೆ ಒಂದು ಜೊತೆ ಚಪ್ಪಲಿ

ಒಳಗೆ ಹೆಂಗಸೊಬ್ಬಳು ಸಿಕ್ಕಿಹಾಕಿಕೊಂಡು ಎರಡು ಗಂಟೆಯಾಗಿತ್ತು. ಹೊರಗೆ ಅವಳ ಗಂಡ ಬಾಗಿಲಿಗೆ ಗೀರು ಬಿದ್ದೀತೆಂದು ಒದ್ದಾಡುತ್ತಿದ್ದ. ಬೀಗ ರಿಪೇರಿಯವನಿಗೆ ನೆತ್ತಿ ಬಿಸಿಯಾಯಿತು.

"ಯಜಮಾನ್ರೇ, ನಿಮಗೆ ಬಾಗಿಲು ಬೇಕಾ, ಹೆಂಡ್ತಿ ಬೇಕಾ? ಒಂದು ಹೇಳಿ, ಕೆಲಸ ಶುರು ಮಾಡ್ತೀನಿ."

ಬೆಳ್ಳಿ ವ್ಯಾಪಾರಿಯಾದ ಗಂಡ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದ. ನಡೆದದ್ದನ್ನು ಸೊಸೆ ಹೇಳಿದಳು. ಹೊಸ ಬೀರುಗಳು ಬಂದ ಮೇಲೆ ಈ ಹಳೆಯ ತಿಜೋರಿ ಕೋಣೆ ಹತ್ತು ವರ್ಷದಿಂದ ಖಾಲಿ ಬಿದ್ದಿತ್ತು. ಇಬ್ಬರು ನಿಂತರೆ ಭುಜಕ್ಕೆ ಭುಜ ತಾಗುವಷ್ಟು ಜಾಗ. ಅತ್ತೆ ದಿನಾ ಬೆಳಿಗ್ಗೆ ಬಳೆ, ಸರ, ಉಂಗುರ ಎಲ್ಲ ಬಿಚ್ಚಿ ಹೊರಗಿನ ಸ್ಟೂಲಿನ ಮೇಲಿಟ್ಟು, ಚಪ್ಪಲಿ ಕಳಚಿ, ಒಳಗೆ ಹೋಗಿ ಬಾಗಿಲು ಓರೆ ಮಾಡಿಕೊಂಡು ಪ್ರಾರ್ಥನೆಗೆ ಮೊಣಕಾಲೂರುತ್ತಿದ್ದಳು. ಮಾವನಿಗೋ, ಅಂಗಡಿಗೆ ಹೊರಡುವ ಮುಂಚೆ ಬೀರುಗಳ ಬಾಗಿಲನ್ನೆಲ್ಲ ತಳ್ಳಿ ಬೀಗದ ಚಕ್ರ ತಿರುಗಿಸದಿದ್ದರೆ ತಿಂದದ್ದು ಅರಗದು. ಇವತ್ತು ಫೋನಿನಲ್ಲಿ ಮಾತಾಡುತ್ತ ಹೋಗುವಾಗ ಕೈ ತನ್ನಷ್ಟಕ್ಕೆ ತಾನೇ ಈ ಬಾಗಿಲನ್ನೂ ತಳ್ಳಿ ತಿರುಗಿಸಿಬಿಟ್ಟಿತ್ತು. ಹೆಂಡತಿಯ ಚಪ್ಪಲಿ ದಾಟಿಕೊಂಡೇ ಹೋಗಿದ್ದ. ಬೀಗದ ಮೂರು ಅಂಕಿಗಳಲ್ಲಿ ಒಂದೂ ಈಗ ಅವನ ನೆನಪಿನಲ್ಲಿರಲಿಲ್ಲ.

"ಇಷ್ಟು ದೊಡ್ಡ ಮನೇಲಿ ಬೇರೆ ಜಾಗ ಸಿಗ್ಲಿಲ್ವಾ ಅವರಿಗೆ?"

"ನೀವೇ ನೋಡಿ," ಎಂದಳು ಸೊಸೆ.

ನೋಡಿದ. ಸೋಫಾಕ್ಕೆ ಒತ್ತಿಕೊಂಡು ಇನ್ನೊಂದು ಸೋಫಾ, ಅಕ್ಕಪಕ್ಕ ಎರಡು ಫ್ರಿಜ್ಜು, ಅಂಟುಪಟ್ಟಿ ಕಿತ್ತೇ ಇರದ ಡಬ್ಬಗಳು, ಒಂದರ ಮೇಲೊಂದು ಪೇರಿಸಿದ ಬೆಳ್ಳಿ ತಟ್ಟೆಗಳು, ಮೂರು ಗೋಡೆಗೆ ಮೂರು ಗಡಿಯಾರ, ಮೂರರಲ್ಲೂ ಬೇರೆ ಬೇರೆ ಹೊತ್ತು. ಓಡಾಡಲು ದಾರಿ ಬಿಟ್ಟದ್ದೇ ಪುಣ್ಯ. ಮೊಣಕಾಲೂರುವಷ್ಟು ನೆಲ ಎಲ್ಲೂ ಕಾಣಲಿಲ್ಲ.

ಕೊರೆಯುವಂತಿರಲಿಲ್ಲ. ಇಂಥ ಬಾಗಿಲನ್ನು ಕೊರೆದರೆ, ಕಳ್ಳರನ್ನು ತಡೆಯಲೆಂದೇ ಬೀಗದೊಳಗಿಟ್ಟ ಗಾಜು ಒಡೆದು ಅಗುಳಿಗಳೆಲ್ಲ ಕಚ್ಚಿಕೊಳ್ಳುತ್ತವೆ. ಆಮೇಲೆ ಗೋಡೆಯನ್ನೇ ಒಡೆಯಬೇಕು, ಸಂಜೆಯಾಗುತ್ತದೆ. ಅಲ್ಲಿಯವರೆಗೆ ಒಳಗಿನ ಗಾಳಿ ಸಾಲದು. ಉಳಿದದ್ದು ಬೆರಳು ಮತ್ತು ಕಿವಿ. ತೆಳ್ಳನೆಯ ಉಕ್ಕಿನ ಕಡ್ಡಿಯ ಒಂದು ತುದಿಯನ್ನು ಬೀಗಕ್ಕೂ ಇನ್ನೊಂದನ್ನು ಕಿವಿಗೂ ಒತ್ತಿ, ಚಕ್ರವನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ತಿರುಗಿಸಿದ. ಎರಡು ಅಂಕಿ ಸಿಕ್ಕವು. ಮೂರನೆಯದು ಕೈಗೆ ಬಂತು ಅನ್ನುವಾಗೆಲ್ಲ ವ್ಯಾಪಾರಿ ಬೆನ್ನ ಹಿಂದೆ "ಸಿಕ್ತಾ, ಸಿಕ್ತಾ" ಅನ್ನುವನು, ಅದು ಜಾರಿಹೋಗುವುದು. ಬೆರಳು ಬೆವರಿತು. ಕಡ್ಡಿಯನ್ನು ಅವನ ತಲೆಗೇ ಬೀಸೋಣ ಅನ್ನಿಸಿತು.

ಆಗ ಅವನಿಗೆ ಹೊಳೆಯಿತು, ಬಂದಾಗಿನಿಂದ ಒಳಗಿಂದ ಒಂದು ಬಡಿತವೂ ಇಲ್ಲ. ಇಪ್ಪತ್ತು ವರ್ಷದ ಕಸುಬಿನಲ್ಲಿ ಒಳಗೆ ಸಿಕ್ಕಿಕೊಂಡವರನ್ನು ಎಷ್ಟೋ ಕಂಡಿದ್ದ. ಬಡಿಯುತ್ತಾರೆ, ಅಳುತ್ತಾರೆ, ಮನೆಯವರ ಜನ್ಮ ಜಾಲಾಡುತ್ತಾರೆ. ಒಳಗಿನ ಗಾಳಿ ಆಗಲೇ ಮುಗಿದುಹೋಯಿತೇ? ಉಸಿರು ಬಿಗಿಹಿಡಿದು ಕಡ್ಡಿಗೆ ಕಿವಿಗೊಟ್ಟ.

ದನಿ ಇತ್ತು. ಇರುವೆ ನಡೆದಷ್ಟು ಸಣ್ಣಗೆ.

"...ಅವರು ಬೇಕಂತ ಮಾಡಿದ್ದಲ್ಲ, ಕರ್ತನೇ. ಆಮೇಲೆ ತಮ್ಮನ್ನ ತಾವೇ ಬೈಕೊಳ್ಳೋ ಹಾಗೆ ಮಾಡ್ಬೇಡ."

ಉಸಿರಿಗಾಗಿ ತಡೆದಳು. ಬಾಗಿಲು ತೆರೆಸು ಎಂದು ಈಗ ಕೇಳುತ್ತಾಳೆ ಎಂದುಕೊಂಡ.

"ಹೊರಗೆ ಯಾರೋ ಬಂದಿದಾರೆ. ಹೆಸರು ನಂಗೊತ್ತಿಲ್ಲ, ನಿಂಗೊತ್ತು. ಅವರ ಕೈಗೆ ಏನೂ ಆಗ್ದೆ ಇರ್ಲಿ. ತಟ್ಟೆ ಬಿಟ್ಟು ಎದ್ದು ಬಂದಿದಾರೋ ಏನೋ ಪಾಪ."

ಬೀಗದವನು ಕಡ್ಡಿ ಕೆಳಗಿಟ್ಟ. ನಿಜವಾಗಿಯೂ ತಟ್ಟೆ ಬಿಟ್ಟು ಎದ್ದು ಬಂದಿದ್ದ. ಎರಡೂ ಕೈಯನ್ನು ಮುಖದ ಮುಂದೆ ಹಿಡಿದು, ಬೇರೆ ಯಾರದೋ ಕೈಗಳೆಂಬಂತೆ ನೋಡಿಕೊಂಡ. ಬೈಗುಳದ ಹೊರತು ಈ ಕೈಗಳ ಹೆಸರಿನಲ್ಲಿ ಯಾರೂ ಏನೂ ಅಂದದ್ದು ಅವನು ಕೇಳಿರಲಿಲ್ಲ.

"ಏನ್ ಕೇಳಿಸ್ತು?" ಎಂದ ವ್ಯಾಪಾರಿ.

"ನಿಮ್ಮ ವಿಷಯಾನೇ ಮಾತಾಡ್ತಿದಾರೆ. ಸುಮ್ನಿರಿ."

ವ್ಯಾಪಾರಿ ಗೋಡೆಗೊರಗಿ ನಿಂತ. ಬೀಗದವನ ಸಿಟ್ಟು ಎತ್ತ ಹೋಯಿತೋ. ಅಂಗಿಗೆ ಕೈ ಒರೆಸಿಕೊಂಡು ಚಕ್ರ ಮುಟ್ಟಿದ. ಮೂರನೆಯ ಅಂಕಿ ತಾನಾಗಿ ಬಂದು ಬೆರಳಿಗೆ ತಾಗಿದಂತಾಯಿತು.

ಬಾಗಿಲು ತೆರೆಯಿತು. ಬಟ್ಟೆಯೆಲ್ಲ ಬೆವರಿನಲ್ಲಿ ತೊಯ್ದು, ಅವಳು ಗೋಡೆ ಹಿಡಿದು ಹೊರಬಂದಳು. ಗಂಡನಿಗೆ ಏನು ಮಾಡಬೇಕೆಂದು ತಿಳಿಯದೆ, ಸ್ಟೂಲಿನ ಮೇಲಿದ್ದ ಬಳೆಗಳನ್ನು ಬಾಚಿ ಎರಡೂ ಕೈಯಲ್ಲಿ ಅವಳ ಮುಂದೆ ಹಿಡಿದ. ಅವಳು ಅವನ ಕೆನ್ನೆ ಮುಟ್ಟಿದಳು, ಬಳೆಗಳತ್ತ ನೋಡಲಿಲ್ಲ.

"ಮೊದ್ಲು ಇವರಿಗೆ ಊಟಕ್ಕೆ ಬಡಿಸಮ್ಮ," ಎಂದು ಸೊಸೆಯ ಹೆಗಲು ಹಿಡಿದು ಅಡುಗೆಮನೆಗೆ ನಡೆದಳು.

ಹಿಂದೆಯೇ ಹೊರಟ ಬೀಗದವನು ಮರೆತ ಕಡ್ಡಿಗಾಗಿ ತಿರುಗಿ ಬಂದ. ಬಳೆಗಳು ಮತ್ತೆ ಸ್ಟೂಲಿನ ಮೇಲಿದ್ದವು. ಹೆಂಡತಿಯ ಚಪ್ಪಲಿಯ ಪಕ್ಕ ತನ್ನ ಬೂಟು ಬಿಟ್ಟು, ವ್ಯಾಪಾರಿ ಖಾಲಿ ಕೋಣೆಯ ಹೊಸ್ತಿಲಲ್ಲಿ ನಿಂತಿದ್ದ. ಬೆರಳಿನ ಉಂಗುರ ಎಳೆಯುತ್ತಿದ್ದ. ಎಷ್ಟು ವರ್ಷದ್ದೋ, ಮಾಂಸದಲ್ಲಿ ಹೂತುಹೋಗಿತ್ತು. ಬೆರಳು ಕೆಂಪಾಗಿ ಊದಿತ್ತು, ಉಂಗುರ ಅಲುಗಲಿಲ್ಲ.

ಬೀಗದವನು ಚೀಲದಿಂದ ಎಣ್ಣೆಯ ಡಬ್ಬಿ ತೆಗೆದು, ಬಳೆಗಳ ಪಕ್ಕದಲ್ಲಿಟ್ಟ.